ಹರಾಜಿನಲ್ಲಿ ಸಿಗುವ ಉಳಿ, ಪುಸ್ತಕದಲ್ಲಿ ಸಿಗುವ ಸ್ವಾತಂತ್ರ್ಯ

ಈ ವಾರದ ಸಂಚಿಕೆಯಲ್ಲಿ ಮರಗೆಲಸದ ಹಳೇ ಹತ್ಯಾರುಗಳ ಬಗ್ಗೆ ಮಾತಾಡಿದ್ದೆವು. ಕೇಳಿದವರಿಗೆ ಕೊನೆಯಲ್ಲಿ ಒಂದು ಪುಸ್ತಕದ ಹೆಸರು ಬಂದದ್ದು ನೆನಪಿರಬಹುದು: ಕ್ರಿಸ್ಟೋಫರ್ ಶ್ವಾರ್ಜ್ ಬರೆದ ‘ದಿ ಅನಾರ್ಕಿಸ್ಟ್ಸ್ ಟೂಲ್ ಚೆಸ್ಟ್’. 2011ರಲ್ಲಿ ಬಂದ ಪುಸ್ತಕ. ಕೈ ಹತ್ಯಾರುಗಳಿಂದ ಮರಗೆಲಸ ಕಲಿಯಬೇಕು ಅನ್ನೋ ಹವ್ಯಾಸಿಗಳು ಇವತ್ತಿಗೂ ಮೊದಲು ಕೈಗೆತ್ತಿಕೊಳ್ಳೋ ಪುಸ್ತಕಗಳಲ್ಲಿ ಇದೊಂದು. ಮಾತಿನಲ್ಲಿ ಅದನ್ನು ಹೊಗಳಿ ಮುಗಿಸಿದ್ದಾಯಿತು. ಬರಹದಲ್ಲಿ ಸ್ವಲ್ಪ ಜಗಳವನ್ನೂ ಮಾಡೋಣ. ಯಾಕಂದ್ರೆ ಈ ಪುಸ್ತಕವನ್ನು ಅಮೆರಿಕದಲ್ಲಿ ಕೂತು ಓದೋದು ಒಂದು, ಕತಾರಿನಲ್ಲಿ ಕೂತು, ಅದರಲ್ಲೂ ಕನ್ನಡದ ಮನೆಯೊಳಗೆ ಕೂತು ಓದೋದು ಇನ್ನೊಂದು.

ಮೊದಲು ಜಾಗದಿಂದ ಶುರು ಮಾಡೋಣ. ದೋಹಾದ ನಜ್ಮಾದಲ್ಲಿ ಹಳೇ ಸಾಮಾನಿಗೆ ಹೆಸರಾದ ಒಂದು ಮಾರುಕಟ್ಟೆ ಇದೆ: ಸೂಕ್ ಅಲ್ ಹರಾಜ್. ಆ ಹೆಸರನ್ನು ಇನ್ನೊಂದು ಸಲ ಜೋರಾಗಿ ಹೇಳಿ ನೋಡಿ. ಹರಾಜ್. ನಮ್ಮ ‘ಹರಾಜು’ ಇದೇ ಪದ. ಅರಬಿಯಿಂದ ಹೊರಟು ಪರ್ಷಿಯನ್, ಹಿಂದೂಸ್ತಾನಿ, ಮರಾಠಿಗಳ ಸಹವಾಸ ಮಾಡಿ ಕನ್ನಡಕ್ಕೆ ಬಂದು, ನಮ್ಮ ಹಳ್ಳಿಯ ಬ್ಯಾಂಕಿನ ನೋಟೀಸ್ ಬೋರ್ಡಿನವರೆಗೆ ತಲುಪಿದೆ. ‘ಸಾಮಾನು’ ಕೂಡ ಪರ್ಷಿಯನ್ನಿನದ್ದೇ. ನಿಮ್ಮ ಮಕ್ಕಳು “ಕನ್ನಡ ಇಲ್ಲಿ ಯಾವ ಕೆಲಸಕ್ಕೆ ಬರುತ್ತೆ?” ಅಂತ ಕೇಳಿದರೆ, ಆ ಸೂಕಿನ ಬೋರ್ಡನ್ನೇ ತೋರಿಸಿ.

ಇಂಥ ಮಾರುಕಟ್ಟೆಗಳಲ್ಲಿ, ಇಂಡಸ್ಟ್ರಿಯಲ್ ಏರಿಯಾದ ನಂಬರ್ ಹಾಕಿದ ಬೀದಿಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳ ಮುಂದೆ, ಕೈ ಹತ್ಯಾರು ಹುಡುಕೋದು ಅಂದ್ರೆ ರಾಶಿ ಕೆದಕೋ ಕೆಲಸ. ಮೇಲ್ಗಡೆ ಇರೋದು ಕರೆಂಟಿನವು: ಡ್ರಿಲ್, ಗ್ರೈಂಡರ್, ವೃತ್ತಾಕಾರದ ಗರಗಸ. ಕೈ ಹತ್ಯಾರು ಇದ್ದರೆ ಅವುಗಳ ಕೆಳಗೆ, ಪೈಪ್ ರೆಂಚುಗಳ ಜೊತೆ. ಅದಕ್ಕೆ ಕಾರಣವೂ ಇದೆ. ಕತಾರಿನಲ್ಲಿ ಕಾಡಿಲ್ಲ. ಇಲ್ಲಿಯ ಹಳೇ ಮರಗೆಲಸ ಅಂದ್ರೆ ಮುಖ್ಯವಾಗಿ ಹಡಗು, ಅದರ ತೇಗ ಬರುತ್ತಿದ್ದದ್ದು ಮಲಬಾರಿನ ಕಡೆಯಿಂದ. ಹಡಗು ಕಟ್ಟುವವನನ್ನು ಕೊಲ್ಲಿಯ ಅರಬಿಯಲ್ಲಿ ‘ಗಲ್ಲಾಫ್’ ಅಂತಾರೆ. ಇವತ್ತೂ ಕೋಯಿಕ್ಕೋಡ್ ಪಕ್ಕದ ಬೇಪೂರಿನಲ್ಲಿ ಕಟ್ಟುವ ಉರುಗಳಿಗೆ ಕತಾರಿನ ಗಿರಾಕಿಗಳಿದ್ದಾರೆ. ಆಮೇಲೆ ಬಂದದ್ದು ಎಣ್ಣೆ. ದುಖಾನಿನ ಎಣ್ಣೆ 1949ರ ಕೊನೆಗೆ ಮೊದಲ ಸಲ ರಫ್ತಾಯಿತು. ಎಣ್ಣೆ ಕಂಪನಿಯ ಹಿಂದೆ ಬ್ರಿಟಿಷ್ ಸಾಮಾನೂ ಬಂತು. ಹಾಗಾಗಿ ರಾಶಿಯ ಅಡಿಯಲ್ಲಿ ಶೆಫೀಲ್ಡಿನಲ್ಲಿ ಮಾಡಿದ ನೀಲಿ ಬಣ್ಣದ ರೆಕಾರ್ಡ್ ಕೀಸುಳಿಯೋ, ಸ್ಟ್ಯಾನ್ಲಿಯೋ ಸಿಕ್ಕರೆ ಅದು ಪವಾಡ ಅಲ್ಲ, ಚರಿತ್ರೆ. ಹೆಚ್ಚಾಗಿ ಸಿಗೋದು ಮಾತ್ರ ಪಂಜಾಬಿನ ಅನಂತ್, ಇಲ್ಲಾ ಹೆಸರೇ ಇಲ್ಲದ ಚೀನಾದ್ದು.

‘ಕೀಸುಳಿ’ ಪದ ಹೊಸದಾಗಿ ಕಂಡಿರಬಹುದು. ಮರವನ್ನು ಸವರಿ ನಯ ಮಾಡೋ ಹತ್ಯಾರು, ಇಂಗ್ಲಿಷಿನವರ ಪ್ಲೇನ್. ಕೆಲವು ಕಡೆ ಉಜ್ಜುಗೊರಡು, ಕೆಲವು ಕಡೆ ತೋಪಡ. ಹಿಂದಿಯವರು ‘ರಂದಾ’ ಅಂತಾರೆ, ಕೊಲ್ಲಿಯ ಹಡಗು ಕಟ್ಟುವವರೂ ‘ರಂದಾ’ ಅಂತಲೇ ಅಂದರು. ಆದರೆ ಕನ್ನಡದ ಪದ ಒಂದು ಪಾಠವನ್ನೇ ಹೇಳುತ್ತೆ: ಕೀಸು ಮತ್ತು ಉಳಿ. ಕೀಸೋ ಉಳಿ. ಪೆಟ್ಟಿಗೆಯೊಳಗೆ ಓರೆಯಾಗಿ ಕೂರಿಸಿದ ಒಂದು ಉಳಿಯೇ ಕೀಸುಳಿ, ಅಷ್ಟೇ. ಶ್ವಾರ್ಜ್ ಇದನ್ನು ವಿವರಿಸೋಕೆ ಪುಟಗಳನ್ನೇ ತೆಗೆದುಕೊಳ್ಳುತ್ತಾರೆ. ನಮ್ಮ ಬಡಗಿಗಳು ಒಂದು ಸಮಾಸದಲ್ಲಿ ಮುಗಿಸಿಬಿಟ್ಟಿದ್ದಾರೆ.

ಈಗ ಪುಸ್ತಕಕ್ಕೆ ಬರೋಣ. ಶ್ವಾರ್ಜ್ ಪತ್ರಕರ್ತ. ಅಮೆರಿಕದ ಒಂದು ಹೆಸರುವಾಸಿ ಮರಗೆಲಸ ಪತ್ರಿಕೆಯ ಸಂಪಾದಕನಾಗಿದ್ದವರು. ಪುಸ್ತಕದ ವಾದ ಸರಳ. ನಿಮಗೆ ನೂರಾರು ಹತ್ಯಾರು ಬೇಡ. ಐವತ್ತರೊಳಗೆ ಸಾಕು. ಅವು ಒಳ್ಳೆಯವಾಗಿರಲಿ, ಒಂದು ಪೆಟ್ಟಿಗೆಯಲ್ಲಿ ಹಿಡಿಸಲಿ. ಆ ಪೆಟ್ಟಿಗೆಯನ್ನು ನೀವೇ ಮಾಡಿ. ಯಾವ ಹತ್ಯಾರು ಒಳ್ಳೆಯದು, ಯಾವುದು ಬರೀ ಹೊಳಪು ಅಂತ ಗುರುತಿಸೋ ಕಣ್ಣು ಬೆಳೆಸಿಕೊಳ್ಳಿ. ಇದರ ಜೊತೆಗೆ ಒಂದು ತತ್ವವೂ ಬರುತ್ತೆ. ಬಾಂಬು ಹಾಕೋ ಅರಾಜಕತೆ ಅಲ್ಲ. ದೊಡ್ಡ ಕಂಪನಿ, ದೊಡ್ಡ ಸಂಸ್ಥೆಗಳಿಂದ ಸಾಧ್ಯವಾದಷ್ಟು ದೂರ ಉಳಿಯೋ, ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಬೆಳೆದ ವ್ಯಕ್ತಿವಾದದ ಅರಾಜಕತೆ. ಮೂರು ವರ್ಷಕ್ಕೆ ಮುರಿಯೋ ಕುರ್ಚಿ ಕೊಳ್ಳಬೇಡಿ, ನೂರು ವರ್ಷ ಬಾಳೋದನ್ನು ಮಾಡಿ. ನಿಮ್ಮ ಹತ್ಯಾರು ನಿಮ್ಮದಾದರೆ ನೀವೂ ನಿಮ್ಮವರಾಗುತ್ತೀರಿ. ಪುಸ್ತಕದ ಒಟ್ಟು ಸಾರ ಇದು.

ಇದರಲ್ಲಿ ಅರ್ಧ ಭಾಗ ಚಿನ್ನ. ಆ ಅರ್ಧಕ್ಕೆ ಸಿಗಬೇಕಾದ ಮರ್ಯಾದೆ ಮೊದಲು ಕೊಡೋಣ.

ಶ್ವಾರ್ಜ್ ಕಲಿಸೋದು ನೋಡೋದನ್ನು. ಹೊಸಬರು ಹಳೇ ಹತ್ಯಾರು ಕೊಳ್ಳುವಾಗ ತುಕ್ಕಿಗೆ ಹೆದರುತ್ತಾರೆ. ದೋಹಾದಲ್ಲಂತೂ ಹೆದರಲೇಬೇಕು ಅನ್ಸುತ್ತೆ: ಬೇಸಿಗೆಯ ಸೆಕೆ, ಸಮುದ್ರದ ಉಪ್ಪು ಗಾಳಿ, ಎಣ್ಣೆ ಸವರದ ಕಬ್ಬಿಣ ಬೇಗ ಕೆಂಪಾಗುತ್ತೆ. ಆದರೆ ಮೇಲಿನ ಕೆಂಪು ಪುಡಿ ದೊಡ್ಡ ವಿಷಯವಲ್ಲ. ವಿನೆಗರಿನಲ್ಲಿ ಒಂದು ರಾತ್ರಿ ನೆನೆಹಾಕಿ, ತೊಳೆದು, ಒರೆಸಿ, ಎಣ್ಣೆ ಹಚ್ಚಿದರೆ ಹೋಗುತ್ತೆ. ನೋಡಬೇಕಾದದ್ದು ಗುಳಿಗಳನ್ನು. ಉಳಿಯನ್ನು ತಿರುಗಿಸಿ ಅದರ ಚಪ್ಪಟೆ ಬೆನ್ನು ನೋಡಿ. ಮೊನೆಯ ಹತ್ತಿರ ಬೆನ್ನಿನ ಮೇಲೆ ತುಕ್ಕು ಆಳವಾಗಿ ತಿಂದು ಗುಳಿ ಮಾಡಿದ್ದರೆ ಅದನ್ನು ಅಲ್ಲೇ ಇಡಿ. ಯಾಕಂದ್ರೆ ಮೊನೆ ಅನ್ನೋದು ಎರಡು ಮೇಲ್ಮೈ ಕೂಡೋ ಜಾಗ. ಒಂದು ಮೈಯಲ್ಲಿ ಗುಳಿ ಇದ್ದರೆ ನೀವು ಎಷ್ಟು ಮಸೆದರೂ ಅಂಚು ಹಲ್ಲುಹಲ್ಲಾಗೇ ಇರುತ್ತೆ.

ಎರಡನೆಯದು ಬಣ್ಣ. ಮೊನೆಯ ಬಳಿ ನೀಲಿ ಛಾಯೆ ಕಂಡರೆ, ಯಾರೋ ಅವಸರದಲ್ಲಿ ಗ್ರೈಂಡರಿಗೆ ಒತ್ತಿ ಉಕ್ಕಿನ ಹದ ತೆಗೆದಿದ್ದಾರೆ ಅಂತ ಅರ್ಥ. ‘ಹದ’ ಎಂಥ ಪದ ನೋಡಿ. ಮಣ್ಣಿಗೆ ಹದ, ಪಾಕಕ್ಕೆ ಹದ, ಉಕ್ಕಿಗೂ ಹದ. ಹದ ತಪ್ಪಿದ ಉಳಿ ಮೆತ್ತಗಾಗಿ ಬೇಗ ಮೊಂಡಾಗುತ್ತೆ. ನೀಲಿಯಾದಷ್ಟು ಭಾಗವನ್ನು ನಿಧಾನವಾಗಿ ಸವೆಸಿ ತೆಗೆದರೆ ಕೆಳಗೆ ಒಳ್ಳೆ ಉಕ್ಕು ಉಳಿದಿರಬಹುದು. ಉದ್ದ ಎಷ್ಟು ಬಾಕಿ ಇದೆ ಅನ್ನೋದರ ಮೇಲೆ ಬೆಲೆ ಕಟ್ಟಿ.

ಕೀಸುಳಿಯಲ್ಲಿ ಅಡಿಯ ಬಾಯಿಯ ಸುತ್ತ ಬಿರುಕಿದೆಯಾ ನೋಡಿ. ಎರಕದ ಕಬ್ಬಿಣ ಬಿದ್ದರೆ ಒಡೆಯೋದೇ ಅಲ್ಲಿ. ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ. ಹಿಡಿ ಮುರಿದಿದ್ದರೆ ಮಾತ್ರ ಖುಷಿಪಡಿ: ಬೆಲೆ ಇಳಿಯುತ್ತೆ, ಹಿಡಿಯನ್ನು ನೀವೇ ಮಾಡಬಹುದು. ಗರಗಸವನ್ನು ಕಣ್ಣಿನ ಮುಂದೆ ಬಂದೂಕಿನ ಹಾಗೆ ಹಿಡಿದು ಹಲ್ಲಿನ ಸಾಲು ನೇರ ಇದೆಯಾ ನೋಡಿ. ಹಲ್ಲು ಮೊಂಡಾದರೆ ಅರದಿಂದ ತಿದ್ದಬಹುದು, ಅಲಗೇ ಮಡಿಸಿ ಗೆರೆ ಬಿದ್ದಿದ್ದರೆ ಕಷ್ಟ.

ಈ ಕಣ್ಣು ಬಂದ ಮೇಲೆ ಬ್ರಾಂಡಿನ ಮೋಹ ಕಡಿಮೆಯಾಗುತ್ತೆ. ಸ್ಟ್ಯಾನ್ಲಿ ಕೀಸುಳಿಗಳ ಹಿಂದೆ ಒಂದು ಸಂಗ್ರಹಕಾರರ ಲೋಕವೇ ಇದೆ. ಲಿಯೊನಾರ್ಡ್ ಬೈಲಿಯ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ ಕೊಂಡದ್ದು 1869ರಲ್ಲಿ. ಅಲಗಿನ ಹಿಂದೆ, ಮೈಯ ಮೇಲೆ ಮೂರು ಪೇಟೆಂಟ್ ದಿನಾಂಕಗಳಿದ್ದು ಕೊನೆಯದು 1910ರದ್ದಾದರೆ ಅವರಿಗೆ ಹಬ್ಬ. ಶ್ವಾರ್ಜ್ ಈ ಹಬ್ಬದಿಂದ ನಿಮ್ಮನ್ನು ಹೊರಗೆ ಎಳೆದು, “ಇದು ಮರ ಕೀಸುತ್ತಾ?” ಅನ್ನೋ ಪ್ರಶ್ನೆಗೆ ತಂದು ನಿಲ್ಲಿಸುತ್ತಾರೆ. ಅದು ಅವರ ದೊಡ್ಡ ಉಪಕಾರ. ಹತ್ಯಾರು ಕೂಡಿಡೋ ಚಟ, ಕೆಲಸ ಮಾಡದೇ ಇರೋಕೆ ಸಿಗೋ ಅತಿ ಗೌರವಾನ್ವಿತ ನೆಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೀಸಲಾರದವನು ಇನ್ನೊಂದು ಕೀಸುಳಿ ಕೊಳ್ಳುತ್ತಾನೆ.

ಇನ್ನು ಜಗಳ.

ಶ್ವಾರ್ಜ್‌ರ ಅಮೆರಿಕದಲ್ಲಿ ಹಳೇ ಹತ್ಯಾರು ಬರೋದು ಸತ್ತುಹೋದ ಅಜ್ಜನ ನೆಲಮಾಳಿಗೆಯಿಂದ. ಮೊಮ್ಮಕ್ಕಳಿಗೆ ಬೇಡ, ಮನೆ ಖಾಲಿ ಮಾಡಬೇಕು, ಅಂಗಳದಲ್ಲಿ ಹರವಿ ಮಾರುತ್ತಾರೆ. ಅಲ್ಲಿ ಅಗ್ಗಕ್ಕೆ ಕೊಳ್ಳೋದು ಒಂದು ರೀತಿಯಲ್ಲಿ ಕಾಪಾಡೋದು. ಹತ್ಯಾರಿನ ಒಡೆಯನಿಗೆ ಅದು ಇನ್ನು ಬೇಕಿಲ್ಲ.

ಕತಾರಿನಲ್ಲಿ ಆ ನೆಲಮಾಳಿಗೆ ಇಲ್ಲ. ಇಲ್ಲಿ ಬಡಗಿ ಕೆಲಸ ಮಾಡಿದವರಲ್ಲಿ ಬಹುಪಾಲು ಜನ ಇಲ್ಲಿ ಮುದುಕರಾಗಲಿಲ್ಲ. ಕೆಲಸ ಮುಗಿದ ಮೇಲೆ ಊರಿಗೆ ಹೋದರು. ಹಾಗಾಗಿ ಇಲ್ಲಿ ‘ಸೆಕೆಂಡ್ ಹ್ಯಾಂಡ್’ ಅನ್ನೋ ಪದದ ಹಿಂದಿನ ಕತೆ ಬೇರೆ. ಮುಚ್ಚಿದ ವರ್ಕ್‌ಶಾಪ್, ಮುಗಿದ ಕಾಂಟ್ರಾಕ್ಟ್, ನವೀಕರಣವಾಗದ ವೀಸಾ, ವಿಮಾನದ ಲಗೇಜಿನ ತೂಕದ ಮಿತಿ. ಮಕ್ಕಳಿಗೆ ತಗೊಂಡ ಬಟ್ಟೆಯೂ ಕಬ್ಬಿಣದ ಕೀಸುಳಿಯೂ ಒಂದೇ ಪೆಟ್ಟಿಗೆಯಲ್ಲಿ ಹಿಡಿಸದಿದ್ದಾಗ ಯಾವುದನ್ನು ಬಿಡುತ್ತಾರೆ ಅಂತ ಕೇಳಬೇಕಾಗಿಲ್ಲ. ಅಂದ್ರೆ ನೀವು ಕೈಗೆತ್ತಿಕೊಂಡ ಉಳಿಯ ಒಡೆಯ ಎಲ್ಲೋ ಬದುಕಿದ್ದಾನೆ, ಬಹುಶಃ ಅವನಿಗೆ ಆ ಉಳಿ ಇನ್ನೂ ಬೇಕಾಗಿತ್ತು. ‘ಒಳ್ಳೆ ಬೇಟೆ’ ಅಂತ ನಾವು ಸಂಭ್ರಮಿಸೋ ಅಗ್ಗದ ಬೆಲೆ ಇನ್ನೊಬ್ಬನ ಅವಸರದ ಬೆಲೆ ಆಗಿರಬಹುದು. ಪುಸ್ತಕದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಅಲ್ಲಿ ಹತ್ಯಾರಿಗೆ ಚರಿತ್ರೆ ಇದೆ, ಮಾರುವವನಿಗೆ ಇಲ್ಲ.

ಅಂಕಿಯೊಂದನ್ನು ಪಕ್ಕಪಕ್ಕ ಇಟ್ಟು ನೋಡಿ. ಇಂಥ ಓದುಗರು ಮೆಚ್ಚೋ ಸಣ್ಣ ತಯಾರಕರಲ್ಲಿ ಅಮೆರಿಕದ ಮೇನ್ ರಾಜ್ಯದ ಲೀ-ನೀಲ್ಸನ್ ಒಂದು. ಅವರ ನಾಲ್ಕನೇ ನಂಬರಿನ ಹೊಸ ಕೀಸುಳಿಯ ಬೆಲೆ ಸಾವಿರ ರಿಯಾಲ್ ದಾಟುತ್ತೆ. ಕತಾರಿನಲ್ಲಿ ಮಾರ್ಚ್ 2021ರಿಂದ ಜಾರಿಗೆ ಬಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಊಟ, ವಸತಿ ಕೊಡದಿದ್ದರೆ ಅದರ ಮೇಲೆ 300 ಮತ್ತು 500. ಹವ್ಯಾಸಿಯ ಒಂದು ಕೀಸುಳಿ, ಕೆಲಸಗಾರನ ಒಂದು ತಿಂಗಳು. ಹತ್ಯಾರು ಕೊಳ್ಳಬೇಡಿ ಅನ್ನೋದಕ್ಕೆ ಇದನ್ನು ಹೇಳುತ್ತಿಲ್ಲ. ‘ಹತ್ಯಾರು ನಿಮ್ಮದಾದರೆ ನೀವೂ ನಿಮ್ಮವರು’ ಅನ್ನೋ ಮಾತು ಯಾರಿಗೆ ಅನ್ವಯಿಸುತ್ತೆ ಅಂತ ಕೇಳೋಕೆ ಹೇಳುತ್ತಿದ್ದೇನೆ.

ಯಾಕಂದ್ರೆ ಇಲ್ಲಿ ಒಬ್ಬ ಬಡಗಿಯ ಹತ್ತಿರ ಐವತ್ತು ಶ್ರೇಷ್ಠ ಹತ್ಯಾರು ಇದ್ದರೂ ಅವನು ತಾನೇ ಅಂಗಡಿ ಹಾಕಿ ಕೂರೋ ಹಾಗಿಲ್ಲ. ಅವನ ವಾಸದ ಪರವಾನಗಿ ಒಬ್ಬ ಉದ್ಯೋಗದಾತನ ಹೆಸರಿಗಿರುತ್ತೆ. 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡಲು ಬೇಕಿದ್ದ ಅನುಮತಿ ತೆಗೆದರು. 2020ರಲ್ಲಿ ಕೆಲಸ ಬದಲಿಸಲು ಬೇಕಿದ್ದ ನಿರಾಕ್ಷೇಪಣಾ ಪತ್ರವನ್ನೂ ತೆಗೆದರು. ಇವು ಸಣ್ಣ ಬದಲಾವಣೆಗಳಲ್ಲ. ಆದರೆ ಗಮನಿಸಿ: ಈ ಎರಡೂ ಸ್ವಾತಂತ್ರ್ಯ ಬಂದದ್ದು ಕಾನೂನಿನಿಂದ, ಹತ್ಯಾರಿನ ಪೆಟ್ಟಿಗೆಯಿಂದಲ್ಲ.

ಇದು ಕತಾರಿನ ವಿಶೇಷ ಅಂತಲೂ ಅಂದುಕೊಳ್ಳಬೇಡಿ. ನಮ್ಮೂರಿನ ಕಡೆ ತಿರುಗಿ. ಹಳೇ ಕರ್ನಾಟಕದ ಹಳ್ಳಿಯಲ್ಲಿ ‘ಆಯಗಾರರು’ ಅಂತ ಇದ್ದರು, ಲೆಕ್ಕಕ್ಕೆ ಹನ್ನೆರಡು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಹೀಗೆ. ರೈತನ ನೇಗಿಲು, ಗಾಡಿ, ಬಾಗಿಲು ಎಲ್ಲಾ ಬಡಗಿಯ ಜವಾಬ್ದಾರಿ. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಒಂದು ಪಾಲು ಧಾನ್ಯ, ಅದೇ ‘ಆಯ’. ಆ ಬಡಗಿಯ ಬಾಚಿ, ಉಳಿ, ಕೊಡತಿ ಎಲ್ಲಾ ಅವನದ್ದೇ. ಅಪ್ಪನಿಂದ ಬಂದದ್ದು, ಆಯುಧ ಪೂಜೆಯ ದಿನ ಅರಿಶಿನ ಕುಂಕುಮ ಕಂಡದ್ದು. ಶ್ವಾರ್ಜ್‌ರ ಪಟ್ಟಿಗಿಂತ ಚಿಕ್ಕ ಪೆಟ್ಟಿಗೆ, ಪ್ರತಿಯೊಂದೂ ಕೆಲಸಕ್ಕೆ ಬರೋದು, ಯಾವ ಕಂಪನಿಯ ಹಂಗೂ ಇಲ್ಲ. ಪುಸ್ತಕದ ಪ್ರಕಾರ ಇವನಿಗಿಂತ ಸ್ವತಂತ್ರ ಮನುಷ್ಯ ಇರಬಾರದು. ಆದರೆ ಯಾವ ಊರಲ್ಲಿ, ಯಾರಿಗೆ, ಯಾವಾಗ ಕೆಲಸ ಮಾಡಬೇಕು, ಮಗ ಏನಾಗಬೇಕು ಅನ್ನೋದನ್ನು ಅವನ ಜಾತಿಯೂ ಊರೂ ಮೊದಲೇ ಬರೆದಿಟ್ಟಿದ್ದವು. ಹತ್ಯಾರು ಅವನದ್ದು, ಕೈಯೂ ಅವನದ್ದು, ಆಯ್ಕೆ ಮಾತ್ರ ಅವನದ್ದಲ್ಲ.

ಇದನ್ನು ಮರೆತು ‘ಕೈಗೆಲಸ ಎಷ್ಟು ಸುಂದರ’ ಅನ್ನೋದು ನಮ್ಮಂಥವರಿಗೆ ಸುಲಭ. ಬಡಗಿಯ ಮಗ ಇಂಜಿನಿಯರಾಗೋಕೆ ಉಳಿ ಕೆಳಗಿಟ್ಟ. ಇಂಜಿನಿಯರನ ಮಗಳು ವಾರಾಂತ್ಯಕ್ಕೆ ಉಳಿ ಎತ್ತಿಕೊಳ್ಳುತ್ತಾಳೆ. ಎರಡೂ ಸರಿಯೇ. ಆದರೆ ಎರಡನೆಯದಕ್ಕೆ ಮಾತ್ರ ‘ಸ್ವಾತಂತ್ರ್ಯ’ ಅಂತ ಹೆಸರಿಟ್ಟರೆ ಮೊದಲನೆಯದಕ್ಕೆ ಅನ್ಯಾಯ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಉತ್ತರ ಇದೆಯಾ? ಹತ್ತಿರದ ಒಂದು ಉತ್ತರ ರಂಗಕರ್ಮಿ ಪ್ರಸನ್ನ ಅವರದ್ದು. ‘ಯಂತ್ರಗಳನ್ನು ಕಳಚೋಣ ಬನ್ನಿ’ ಪುಸ್ತಕದ ಹೆಸರೇ ಜಗಳಕ್ಕೆ ಕರೆಯೋ ಹಾಗಿದೆ. ಅವರು ಬರೀ ಬರೆದು ಸುಮ್ಮನಾಗಲಿಲ್ಲ. ಸಾಗರ ತಾಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಅನ್ನೋ ಮಹಿಳೆಯರ ನೇಯ್ಗೆಯ ಸಹಕಾರಿ ಸಂಘ ಕಟ್ಟಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಹಾಕಬಾರದು ಅಂತ ಸತ್ಯಾಗ್ರಹ ಹೂಡಿ ಉಪವಾಸ ಕೂತರು. ಶ್ವಾರ್ಜ್‌ಗೂ ಪ್ರಸನ್ನರಿಗೂ ಸಿಟ್ಟು ಒಂದೇ: ಬೇಗ ತಯಾರಾಗಿ ಬೇಗ ಕಸವಾಗೋ ಸರಕಿನ ಮೇಲೆ. ಆದರೆ ಒಬ್ಬರು ಪೆಟ್ಟಿಗೆ ಮಾಡಿ ಒಳಗೆ ಬೀಗ ಹಾಕಿಕೊಳ್ಳುತ್ತಾರೆ, ಇನ್ನೊಬ್ಬರು ಸಂಘ ಕಟ್ಟಿ ಬೀದಿಗೆ ಬರುತ್ತಾರೆ. ತೆರಿಗೆ, ಕೂಲಿ, ಮಾರುಕಟ್ಟೆ ಇವು ಒಬ್ಬನ ಕೈಯ ಜಾಣತನದಿಂದ ಬದಲಾಗಲ್ಲ ಅನ್ನೋದು ಪ್ರಸನ್ನರಿಗೆ ಗೊತ್ತು.

ಪ್ರಸನ್ನರ ಕಡೆಗೂ ಒಂದು ದೂರು ಇದೆ. ಅವರ ಬರಹದಲ್ಲಿ ‘ಕೈ’ ಒಂದು ದೊಡ್ಡ ನೈತಿಕ ಪದ. ಆ ಕೈ ಉಳಿಯನ್ನು ಯಾವ ಕೋನದಲ್ಲಿ ಹಿಡಿದು ಮಸೆಯಬೇಕು ಅಂತ ಕೇಳಿದರೆ ಅಲ್ಲಿ ಉತ್ತರ ಸಿಗಲ್ಲ. ಕನ್ನಡದಲ್ಲಿ ಕೈಗೆಲಸದ ಬಗ್ಗೆ ವೈಚಾರಿಕ ಗದ್ಯ ಬೇಕಾದಷ್ಟಿದೆ, ಕೈಗೆಲಸವನ್ನೇ ಕಲಿಸೋ ಗದ್ಯ ಬಹಳ ಕಡಿಮೆ. ನುಡಿಗಟ್ಟಿನಲ್ಲೂ ನೋಡಿ: ‘ಕತ್ತಿ ಮಸೆಯೋದು’ ಅಂದ್ರೆ ನಮಗೆ ದ್ವೇಷ ಸಾಧಿಸೋದು ಅನ್ನೋ ಅರ್ಥವೇ ಮೊದಲು ಹೊಳೆಯುತ್ತೆ. ಕಲ್ಲು, ನೀರು, ತಾಳ್ಮೆ ಹೊಳೆಯಲ್ಲ. ಬಡಗಿಗಳ ಜ್ಞಾನ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹೋಯಿತು, ಪುಸ್ತಕ ಬರೆಯೋರ ಮನೆಗೆ ಬರಲಿಲ್ಲ. ಶ್ವಾರ್ಜ್‌ರ ಪುಸ್ತಕದ ಅತ್ಯುತ್ತಮ ಪುಟಗಳನ್ನು ಓದುವಾಗ ಹೊಟ್ಟೆಕಿಚ್ಚಾಗೋದು ಇಲ್ಲೇ: ಇಷ್ಟು ನಿಖರವಾಗಿ, ಇಷ್ಟು ಪ್ರೀತಿಯಿಂದ ಒಂದು ಉಳಿಯನ್ನು ವಿವರಿಸೋ ಕನ್ನಡ ಪುಸ್ತಕ ನಮ್ಮ ಕಪಾಟಿನಲ್ಲಿ ಇರಬೇಕಿತ್ತು.

ಅದಕ್ಕೇ ಈ ಹುಡುಕಾಟ ನಿಮಗೆ, ಅದರಲ್ಲೂ ಹೊರಗೆ ಹುಟ್ಟಿ ಕನ್ನಡ ಕಲಿಯುತ್ತಿರೋ ನಿಮಗೆ, ಬರೀ ಸಾಮಾನಿನ ಹುಡುಕಾಟ ಆಗಬೇಕಿಲ್ಲ. ಸೂಕಿನ ರಾಶಿಯ ಮುಂದೆ ‘ಉಳಿ’ ಅಂದು ನೋಡಿ. ಮಲಯಾಳಿಗೆ ಅರ್ಥವಾಗುತ್ತೆ, ತಮಿಳರಿಗೆ ಅರ್ಥವಾಗುತ್ತೆ, ತೆಲುಗರು ‘ಉಲಿ’ ಅಂತ ತಲೆಯಾಡಿಸುತ್ತಾರೆ. ಮರ ಕೆತ್ತೋ ಅಡ್ಡ ಅಲಗಿನ ಬಾಚಿಯನ್ನು ಎತ್ತಿ ತೋರಿಸಿ: ಮಲಯಾಳಿ ‘ವಾಚ್ಚಿ’ ಅಂತಾನೆ, ತಮಿಳ ‘ವಾಯ್ಚ್ಚಿ’ ಅಂತಾನೆ. ಅಲ್ಲಿಯ ‘ವ’ ಇಲ್ಲಿ ‘ಬ’. ವಾಯ್ ಬಾಯಿಯಾದ ಹಾಗೆ, ವಳ್ಳಿ ಬಳ್ಳಿಯಾದ ಹಾಗೆ. ವ್ಯಾಕರಣದ ತರಗತಿಯಲ್ಲಿ ತಲೆಗೆ ಹತ್ತದ ನಿಯಮ ಇಲ್ಲಿ ಕೈಗೆ ಸಿಗುತ್ತೆ. ಅದೇ ಬಾಚಿಗೆ ಕೊಲ್ಲಿಯ ಹಡಗಿನ ಬಡಗಿ ‘ಜದ್ದೂಮ್’ ಅಂದ. ನಾಲ್ಕು ಹೆಸರು, ಒಂದೇ ಅಲಗು.

ಕೊನೆಗೆ ತೀರ್ಪು. ‘ದಿ ಅನಾರ್ಕಿಸ್ಟ್ಸ್ ಟೂಲ್ ಚೆಸ್ಟ್’ ಓದಿ, ಖಂಡಿತ ಓದಿ. ಹತ್ಯಾರಿನ ಅಧ್ಯಾಯಗಳನ್ನು ಎರಡು ಸಲ ಓದಿ, ತತ್ವದ ಅಧ್ಯಾಯಗಳನ್ನು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಓದಿ. ಪ್ರಸನ್ನರನ್ನು ಅದರ ಜೊತೆಗೇ ಓದಿ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿದೆ.

ಆಮೇಲೆ ಸೂಕಿಗೆ ಹೋಗಿ. ಚೌಕಾಸಿ ಅಂಗಡಿಯವನ ಹತ್ತಿರ ಎಷ್ಟು ಬೇಕಾದರೂ ಮಾಡಿ, ಅದು ಅವನ ವ್ಯಾಪಾರ. ಆದರೆ ಊರಿಗೆ ಹೊರಟವನು ತನ್ನ ಕೈಯಾರೆ ಮಾರುತ್ತಿದ್ದರೆ ಕೇಳಿದ ಬೆಲೆ ಕೊಡಿ. ಇನ್ನೂ ಎರಡು ಪ್ರಶ್ನೆ ಕೇಳಿ: ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ, ಇದನ್ನು ಹೇಗೆ ಮಸೀತೀರಿ? ಆತ ಬಿಹಾರಿಯಾಗಿರಬಹುದು, ನೇಪಾಳಿಯಾಗಿರಬಹುದು, ಕಾಸರಗೋಡಿನ ನಮ್ಮವರೇ ಆಚಾರಿ ಆಗಿರಬಹುದು. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಉಳಿಯನ್ನು ಲಗೇಜಿನ ತೂಕ ತಡೆಯಿತು, ಅವನ ತಿಳಿವಳಿಕೆಗೆ ತೂಕವಿಲ್ಲ. ಅದು ಉಳಿಯ ಜೊತೆಗೆ ನಿಮ್ಮ ಕೈಗೆ ಬಂದರೆ ಮಾತ್ರ ನೀವು ಕೊಂಡದ್ದು ಪೂರ್ತಿ ಹತ್ಯಾರು. ಇಲ್ಲದಿದ್ದರೆ ಅದು ಹಿಡಿ ಇರೋ ಒಂದು ತುಂಡು ಕಬ್ಬಿಣ.